ಉಸಿರಾಡುತ್ತಿದ್ದ ಸೀಲಿಂಗ್

ಕೊರೋನಾ ಕಳೆದು ಎರಡು ವರ್ಷವಾಗಿತ್ತು. ಆಗ ನಾನು ಚಿಕ್ಕಬಳ್ಳಾಪುರದಲ್ಲಿ ಫಾಲ್ಸ್ ಸೀಲಿಂಗ್ ಕಂಟ್ರಾಕ್ಟರ್ ಆಗಿ ಇಪ್ಪತ್ತೊಂದನೆಯ ವರ್ಷದಲ್ಲಿದ್ದೆ. ಸಿವಿಲ್ ಡಿಪ್ಲೊಮಾ ಮುಗಿಸಿ, ನಾಲ್ಕು ವರ್ಷ ಬೇರೆಯವರ ಕೈಕೆಳಗೆ ಸೈಟ್ ಸೂಪರ್‌ವೈಸರ್ ಆಗಿದ್ದು, ಆಮೇಲೆ ಸ್ವಂತಕ್ಕೆ ಕೆಲಸ ಹಿಡಿದವನು ನಾನು. ಚಿಂತಾಮಣಿಯ ಬಟ್ಟೆ ಅಂಗಡಿಗಳಿಂದ ಶಿಡ್ಲಘಟ್ಟದ ಕಲ್ಯಾಣ ಮಂಟಪಗಳವರೆಗೆ ಓಡಾಡಿಕೊಂಡಿದ್ದೆ. ಈ ಕೆಲಸದಲ್ಲಿ ಹೆದರುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ಏಣಿಯಿಂದ ಬೀಳುವುದು ಬಿಟ್ಟರೆ ಏನೂ ಇಲ್ಲ ಎಂದೇ ನಾನೂ ಹೇಳುತ್ತಿದ್ದೆ, ಗೌರಿಬಿದನೂರಿನ ಆ ಬೇಸ್‌ಮೆಂಟ್ ನೋಡುವವರೆಗೆ.

ಮೊದಲು ಓದುಗರಿಗೆ ಒಂದು ವಿಷಯ ತಿಳಿಸಬೇಕು. ನಮ್ಮ ಬಳಿ ಬರುವವರು ಕೇಳುವ ಮೊದಲ ಪ್ರಶ್ನೆ, ಗ್ರಿಡ್ ಹಾಕಿಸೋದೋ ಜಿಪ್ಸಮ್ ಹಾಕಿಸೋದೋ ಎಂಬುದು. ಗ್ರಿಡ್ ಎಂದರೆ ಮೇಲಿನ ಸ್ಲ್ಯಾಬ್‌ನಿಂದ ತಂತಿ ಇಳಿಬಿಟ್ಟು, ಅದಕ್ಕೆ ಲೋಹದ ಪಟ್ಟಿಗಳ ಚೌಕಟ್ಟು ತೂಗುಹಾಕಿ, ಎರಡಡಿ ಚೌಕದ ಹಗುರ ಟೈಲ್‌ಗಳನ್ನು ಅದರ ಮೇಲೆ ಸುಮ್ಮನೆ ಕೂರಿಸುವುದು. ಯಾವ ಟೈಲನ್ನಾದರೂ ಒಂದು ಕೈಯಲ್ಲಿ ಮೇಲಕ್ಕೆ ಎತ್ತಿ, ಓರೆ ಮಾಡಿ, ಕೆಳಗಿಳಿಸಬಹುದು. ಜಿಪ್ಸಮ್ ಹಾಗಲ್ಲ. ಬೋರ್ಡುಗಳನ್ನು ಸ್ಕ್ರೂ ಹಾಕಿ ಬಿಗಿದು, ಸಂದುಗಳಿಗೆ ಟೇಪ್ ಅಂಟಿಸಿ, ಪುಟ್ಟಿ ಎಳೆದು ಬಣ್ಣ ಬಳಿದರೆ ಎಲ್ಲಿ ಕೂಡಿಸಿದೆ ಎಂಬುದೇ ಕಾಣುವುದಿಲ್ಲ. ಕಣ್ಣಿಗೆ ಚೆಂದ. ಆದರೆ ಒಮ್ಮೆ ಮುಚ್ಚಿದರೆ ಮುಗಿಯಿತು, ಆಮೇಲೆ ಕೊಯ್ದೇ ನೋಡಬೇಕು. ಬೇಸ್‌ಮೆಂಟ್‌ಗಳಲ್ಲಿ ನೀರಿನ ಪೈಪು, ಡ್ರೈನೇಜು, ವೈರು ಎಲ್ಲ ತಲೆಯ ಮೇಲೆಯೇ ಓಡುವುದರಿಂದ ನಾನು ಗ್ರಿಡ್ ಹಾಕಿಸಿ ಎನ್ನುತ್ತೇನೆ. ಮನೆಯವರು ಅದು ಆಫೀಸಿನ ಥರ ಕಾಣುತ್ತದೆ ಎಂದು ಮೂಗು ಮುರಿಯುತ್ತಾರೆ.

ಸರೋಜಮ್ಮ ಎಂಬುವರು ನನಗೆ ಫೋನ್ ಮಾಡಿದ್ದು ಏಪ್ರಿಲ್ ತಿಂಗಳಲ್ಲಿ. ಗೌರಿಬಿದನೂರಿನಿಂದ ಕುಡುಮಲಕುಂಟೆಗೆ ಹೋಗುವ ದಾರಿಯಲ್ಲಿ, ಹಿಂದೆ ಮುಸುಕಿನಜೋಳದ ಹೊಲಗಳಿದ್ದು ಈಗ ಲೇಔಟ್ ಆಗಿರುವ ಕಡೆ ಅವರ ಮನೆ. ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ತಮ್ಮ ಕೂಸುಗಳನ್ನು ಅವರ ಬಳಿ ಬಿಟ್ಟು, ಸಂಜೆ ಶಿಫ್ಟ್ ಬಿಟ್ಟ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಹದಿನಾಲ್ಕು ಮಕ್ಕಳು. ದೊಡ್ಡದಕ್ಕೆ ಮೂರೂವರೆ ವರ್ಷ, ಚಿಕ್ಕದಕ್ಕೆ ಹತ್ತು ತಿಂಗಳು.

ನಾನು ಮೊದಲ ಸಲ ಹೋದಾಗ ಬೆಳಿಗ್ಗೆ ಹತ್ತೂವರೆ. ಸರೋಜಮ್ಮನವರಿಗೆ ಐವತ್ತರ ಹತ್ತಿರ. ಸೊಂಟಕ್ಕೆ ಒಂದು ಮಗು ಇಟ್ಟುಕೊಂಡೇ ಬಾಗಿಲು ತೆಗೆದರು. ಮಾರ್ಚ್ ತಿಂಗಳಲ್ಲಿ ಮೇಲಿನ ಹಾಲು ಕಾದ ಕಾವಲಿಯಂತಾಗಿ, ಮಕ್ಕಳನ್ನೆಲ್ಲ ಬೇಸ್‌ಮೆಂಟ್‌ಗೆ ಇಳಿಸಿದ್ದರಂತೆ. ಹನ್ನೊಂದು ಮೆಟ್ಟಿಲು ಇಳಿದರೆ ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಕೋಣೆ. ಒಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು. ಗೋಡೆಗೆ ಹಳದಿ ಬಣ್ಣ, ಗಿಳಿ, ಆನೆಯ ಚಿತ್ರಗಳು. ಗೋಡೆಯ ಮೇಲ್ತುದಿಯಲ್ಲಿ ನಾಲ್ಕು ಸಣ್ಣ ವೆಂಟಿಲೇಟರ್ ಇದ್ದವು. ರಸ್ತೆಯ ಧೂಳು ಬರುತ್ತದೆಂದು ಅವಕ್ಕೆ ಗಾಜು ಬಿಗಿದಿದ್ದರು. ಸೀಲಿಂಗ್ ಹಳೆಯ ಗ್ರಿಡ್. ಹಿಂದೆ ಆ ಜಾಗ ಬಾಡಿಗೆಗೆ ಹಿಡಿದಿದ್ದ ಕಂಪ್ಯೂಟರ್ ಕ್ಲಾಸಿನವರು ಹಾಕಿಸಿದ್ದು.

"ಅವರು ಯಾಕೆ ಬಿಟ್ಟುಹೋದರು?" ಎಂದು ಕೇಳಿದೆ, ಮಾತಿಗೆ.

"ನಾಲ್ಕೇ ತಿಂಗಳು ಇದ್ದಿದ್ದು ಸಾರ್. ಮಧ್ಯಾಹ್ನದ ಬ್ಯಾಚ್ ಹುಡುಗ್ರೆಲ್ಲ ತೂಕಡಿಸ್ತಾರೆ, ತಲೆನೋವು ಅಂತಾರೆ ಅಂತ ಹೇಳಿ ಖಾಲಿ ಮಾಡ್ಬಿಟ್ರು."

ನಾನು ನಕ್ಕು ಟೇಪ್ ಹಿಡಿದು ಅಳತೆ ತೆಗೆಯತೊಡಗಿದೆ. ನೆಲದಿಂದ ಸ್ಲ್ಯಾಬ್‌ಗೆ ಒಂಬತ್ತಡಿ ಎರಡಂಗುಲ. ಗ್ರಿಡ್ ಒಂದಡಿ ಹತ್ತಂಗುಲ ಕೆಳಗಿತ್ತು, ಅನಾವಶ್ಯಕವಾಗಿ. ಒಂದು ಮೂಲೆಯ ಕಡೆ, ಗೋಡೆಯಿಂದ ಆರಡಿ ಈಚೆಗೆ, ಒಂದು ಚೌಕ ಕಂಬ. ಅದರ ಸುತ್ತಲಿನ ಆರೇಳು ಟೈಲ್‌ಗಳ ಅಂಚು ಮಾತ್ರ ಮಸಿ ಬಳಿದಂತೆ ಕಪ್ಪಾಗಿದ್ದವು. ಸಂದಿನಲ್ಲಿ ಗಾಳಿ ಹಾದುಹೋಗುವ ಕಡೆ ಧೂಳು ಹೀಗೆ ಕೂರುತ್ತದೆ, ಅದು ನನಗೆ ಗೊತ್ತಿದ್ದ ಸಂಗತಿಯೇ.

ಸರೋಜಮ್ಮ ದನಿ ತಗ್ಗಿಸಿದರು. "ಸಾರ್, ನಿಮ್ಮನ್ನ ಕರೆಸಿದ್ದು ಅದಕ್ಕೇ. ಮಧ್ಯಾಹ್ನ ಆದ್ರೆ ಅಲ್ಲಿ ಮೇಲೆ ಯಾರೋ ಉಸಿರು ಬಿಟ್ಟಂಗೆ ಕೇಳ್ತದೆ. ಉದ್ದಕ್ಕೆ. ಸಾಯಂಕಾಲ ಉಸಿರು ಒಳಗೆ ಎಳ್ಕೊಂಡಂಗೆ. ಆ ಚೌಕಗಳು ಟಿಕ್ ಟಿಕ್ ಅಂತವೆ. ನಮ್ ಆಯಾ ಲಕ್ಷ್ಮಿದೇವಿ ಹೆದರ್ಕೊಂಡು ಕೆಲ್ಸಾನೇ ಬಿಟ್ಲು. ಮಕ್ಕಳ ತಾಯಂದ್ರ ಕಿವಿಗೆ ಬಿದ್ರೆ ಒಬ್ರೂ ಇಲ್ಲಿ ಕೂಸು ಬಿಡಲ್ಲ. ಇದನ್ನ ಕಿತ್ತಾಕಿ, ಒಂದೇ ಸಮ ಜಿಪ್ಸಮ್ ಹಾಕಿ ಮುಚ್ಚಿಬಿಡಿ."

"ಬಾಗಿಲು ತೆಗೆದು ಹಾಕಿ ಮಾಡಿದ್ರೆ ಗ್ರಿಡ್ ಟೈಲ್ ಅಲುಗಾಡೋದು ಮಾಮೂಲಿ ಅಮ್ಮ," ಎಂದೆ. "ಬಾಗಿಲ ಗಾಳಿ ಅದು. ಇಲಿ ಇದ್ರೂ ಇರಬಹುದು."

ಬಾಗಿಲ ಬಳಿಯ ಎರಡು ಟೈಲ್ ಎತ್ತಿ ಟಾರ್ಚ್ ಬಿಟ್ಟೆ. ಪೈಪು, ವೈರು, ಜೇಡರ ಬಲೆ. ಕಂಬದ ಬಳಿಗೆ ಏಣಿ ಒಯ್ಯಬೇಕೆಂದರೆ ಆಟವಾಡುತ್ತಿದ್ದ ಮಕ್ಕಳನ್ನು ಸರಿಸಬೇಕಿತ್ತು. ಸರಿಸಲಿಲ್ಲ. ಗ್ರಿಡ್ ಇದ್ದರೆ ಮುಂದೆ ಪೈಪು ಸೋರಿದಾಗ ಅನುಕೂಲ ಎಂದು ಒಂದು ಮಾತು ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಹೊರಡುವಾಗ ಅವರು ಹೆಮ್ಮೆಯಿಂದ ಹೇಳಿದ ಮಾತೊಂದು ನೆನಪಿದೆ. "ಜಾಗ ಮಾತ್ರ ಭಾಳ ಚೆನ್ನಾಗೈತೆ ಸಾರ್. ಮೇಲೆ ಇದ್ದಾಗ ಒಂದು ಮಲಗಿದ್ರೆ ಇನ್ನೊಂದು ಏಳೋದು. ಇಲ್ಲಿಗೆ ಬಂದ್ಮೇಲೆ ಹದಿನಾಲ್ಕೂ ಒಟ್ಟಿಗೆ ಮಲಗ್ತವೆ. ನಾಲ್ಕು ಗಂಟೆವರೆಗೂ ಒಂದೂ ಮಿಸುಕಲ್ಲ."

ಒಳ್ಳೆಯದಾಯಿತಲ್ಲ ಎಂದೆ.

ಆರು ದಿನ ಬಿಟ್ಟು, ಹೊಸ ಸೀಲಿಂಗ್‌ನ ಮಟ್ಟವನ್ನು ಗೋಡೆಯ ಮೇಲೆ ಗುರುತು ಹಾಕಲು ಮೇಸ್ತ್ರಿ ಪಿಳ್ಳಪ್ಪನನ್ನು ಕರೆದುಕೊಂಡು ಮತ್ತೆ ಹೋದೆ. ಪಿಳ್ಳಪ್ಪ ಶಿಡ್ಲಘಟ್ಟದ ಕಡೆಯ ಹಳ್ಳಿಯವನು, ನನಗಿಂತ ಐದು ವರ್ಷ ದೊಡ್ಡವನು, ಆದರೂ ನನ್ನನ್ನು ಅಣ್ಣ ಎಂದೇ ಕರೆಯುತ್ತಾನೆ. ಬೆಳಿಗ್ಗೆಯೇ ಹೋಗಬೇಕೆಂದಿದ್ದೆವು. ದಾರಿಯಲ್ಲಿ ಮಂಚೇನಹಳ್ಳಿಯ ಹತ್ತಿರ ಗಾಡಿ ಪಂಕ್ಚರ್ ಆಗಿ, ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಮಕ್ಕಳು ಮಲಗಿದ್ದಾರೆ, ಸದ್ದು ಮಾಡಬೇಡಿ ಎಂದು ಹೇಳಿ ಸರೋಜಮ್ಮ ನಮ್ಮನ್ನು ಕೆಳಗೆ ಕರೆದೊಯ್ದರು. ಮಕ್ಕಳು ಎದ್ದು ಮೆಟ್ಟಿಲು ಹತ್ತಬಾರದೆಂದು ಮುಚ್ಚಿಟ್ಟಿದ್ದ ಬಾಗಿಲನ್ನು ತೆಗೆದರು.

ಆ ದಿನ ಒಳಗಿನಿಂದ ಬಂದ ವಾಸನೆ ಮೊದಲ ದಿನ ಇರಲಿಲ್ಲ. ಬಹಳ ಕಾಲ ಮುಚ್ಚಿದ್ದ ಬಾವಿಯ ಬಾಯಿ ತೆರೆದಾಗ ಬರುವಂಥ ತಣ್ಣನೆಯ ಕಲ್ಲಿನ ವಾಸನೆ. ಸಾಲಾಗಿ ಹಾಸಿದ ಚಾಪೆಗಳ ಮೇಲೆ ಮಕ್ಕಳು ಮಲಗಿದ್ದರು. ಮಕ್ಕಳು ಮಲಗಿದ ಕೋಣೆಯಲ್ಲಿ ಏನಾದರೂ ಸಣ್ಣ ಸದ್ದು ಇದ್ದೇ ಇರುತ್ತದೆ. ಒಂದು ಮಗ್ಗುಲು ಬದಲಿಸುತ್ತದೆ, ಒಂದು ಬೆರಳು ಚೀಪುತ್ತದೆ, ಒಂದು ನಿದ್ದೆಯಲ್ಲಿ ಕೊಸರುತ್ತದೆ. ಅಲ್ಲಿ ಅದಾವುದೂ ಇರಲಿಲ್ಲ. ಎಲ್ಲರೂ ಮಲಗಿಸಿದ ಹಾಗೆಯೇ ಇದ್ದರು. ಎದೆಗಳು ಮಾತ್ರ ಬೇಗಬೇಗ ಏರಿಳಿಯುತ್ತಿದ್ದವು, ಎಲ್ಲರೂ ಎಲ್ಲಿಂದಲೋ ಓಡಿಬಂದು ಆಗಷ್ಟೇ ಬಿದ್ದುಕೊಂಡವರ ಹಾಗೆ. ಆಡುತ್ತಿದ್ದ ಮಕ್ಕಳು ದಣಿದಿರಬೇಕು ಅಂದುಕೊಂಡೆ.

ಆಗ ಆ ಸದ್ದು ಕೇಳಿಸಿತು. ಕಂಬದ ಮೇಲೆ, ಸೀಲಿಂಗ್‌ನ ಆಚೆಯಿಂದ. "ಹೂಂ..." ಎಂದು ಉದ್ದಕ್ಕೆ, ನಿಲ್ಲದೆ. ನಾನು ನನ್ನ ಉಸಿರು ಹಿಡಿದು ಎಣಿಸಿದೆ. ಮೂವತ್ತಕ್ಕೆ ಬಂದರೂ ಅದು ಮುಗಿಯಲಿಲ್ಲ. ಯಾವ ಪ್ರಾಣಿಗೂ ಅಷ್ಟು ಉದ್ದದ ಉಸಿರು ಇರುವುದಿಲ್ಲ. ಕಪ್ಪು ಅಂಚಿನ ಟೈಲುಗಳು ಸಣ್ಣಗೆ ನಡುಗುತ್ತಿದ್ದವು. ಬಾಗಿಲು ನಮ್ಮ ಹಿಂದೆ ಮುಚ್ಚಿತ್ತು. ಬಾಗಿಲ ಗಾಳಿ ಎಂದು ನಾನು ಹೇಳಿದ್ದು ಸುಳ್ಳು ಎಂದು ಆ ಕ್ಷಣವೇ ಗೊತ್ತಾಯಿತು.

ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಗೂಡು, ಅದರಲ್ಲಿ ದೇವರ ಪಟ, ಮುಂದೆ ಹಣತೆ. ಊಟಕ್ಕೆ ಮುಂಚೆ ಮಕ್ಕಳಿಂದ ಕೈ ಮುಗಿಸಲು ಸರೋಜಮ್ಮ ಅದನ್ನು ಹಚ್ಚುತ್ತಿದ್ದರು. ಈಗ ಆರಿತ್ತು.

"ದಿನಾ ಹಿಂಗೇ," ಎಂದು ಅವರು ಪಿಸುಗುಟ್ಟಿದರು. "ಎಣ್ಣೆ ಇರ್ತದೆ, ಬತ್ತಿ ಇರ್ತದೆ. ಆದ್ರೂ ಆರಿಹೋಗ್ತದೆ. ಅದಕ್ಕೇ ನನಗೆ ಜಾಸ್ತಿ ಭಯ."

ಪಿಳ್ಳಪ್ಪ ದೇವರು ದಿಂಡರು ಎಂದರೆ ಭಕ್ತಿಯುಳ್ಳವನು. ಮತ್ತೆ ಹಚ್ಚಲೆಂದು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದ. ಅವನ ಮುಖದ ಹತ್ತಿರ ಕಡ್ಡಿ ಚೆನ್ನಾಗಿಯೇ ಉರಿಯಿತು. ಗೂಡಿನ ಬಳಿಗೆ ತಂದಾಗ ಜ್ವಾಲೆ ಕುಗ್ಗಿ, ಹಳದಿಯಾಗಿ, ಕಡ್ಡಿಯಿಂದ ಬಿಟ್ಟುಕೊಂಡಂತೆ ಆರಿತು. ಇನ್ನೊಂದು ಗೀರಿದ. ಅದೂ ಆರಿತು. ಅವನು ಮೂರನೆಯದನ್ನು ಗೀರಿ, ಗೂಡಿನ ಕಡೆ ಹೋಗದೆ, ಅಲ್ಲೇ ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂರತೊಡಗಿದ. ಕಡ್ಡಿ ಅವನ ಮೊಣಕಾಲಿನ ಮಟ್ಟಕ್ಕೂ ಇಳಿದಿರಲಿಲ್ಲ, ನಂದಿತು. ಹೊಗೆ ಕೂಡ ಮೇಲೇಳದೆ ನೆಲದ ಮೇಲೆ ಚಾಪೆಗಳತ್ತ ಹರಿದುಹೋಯಿತು.

ಪಿಳ್ಳಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖ ಬಿಳುಚಿಕೊಂಡಿತ್ತು.

"ಅಣ್ಣ, ಮಕ್ಕಳನ್ನ ಎತ್ತು."

"ಏನು?"

"ಎತ್ತಣ್ಣ ಮೊದ್ಲು! ನಮ್ಮಪ್ಪ ಬಾವಿ ತೋಡೋನು. ಇಳಿಯೋ ಮುಂಚೆ ಲಾಂದ್ರ ಇಳಿಸಿ ನೋಡ್ತಿದ್ದ. ದೀಪ ಆರಿದ್ರೆ ಒಬ್ರೂ ಇಳೀತಿರಲಿಲ್ಲ. ಎತ್ತು!"

ಮೂವರೂ ಬಾಗಿದೆವು. ಎಡಗೈಗೆ ಒಂದು, ಬಲಗೈಗೆ ಒಂದು. ನಾನು ಎತ್ತಿದ ಮಗು ಬಟ್ಟೆ ತುಂಬಿದ ದಿಂಬಿನಂತೆ ಕತ್ತು ಹಿಂದಕ್ಕೆ ಚೆಲ್ಲಿತು. ಹನ್ನೊಂದು ಮೆಟ್ಟಿಲು ಹತ್ತಿ ವರಾಂಡದ ಕಲ್ಲುಹಾಸಿನ ಮೇಲೆ ಮಲಗಿಸಿ ಮತ್ತೆ ಇಳಿದೆವು. ಎರಡನೆಯ ಸಲ ನೆಲಕ್ಕೆ ಬಾಗಿದಾಗ ನನ್ನ ಕಿವಿಯಲ್ಲಿ ಗುಯ್ ಎಂದಿತು. ಮೇಲೆ ಬಂದಾಗ ಮೊದಲು ತಂದ ಮಕ್ಕಳು ಒಂದೊಂದಾಗಿ ಕಣ್ಣು ಬಿಟ್ಟು ಅಳತೊಡಗಿದ್ದರು. ಮಕ್ಕಳ ಅಳು ಕೇಳಿ ನನಗೆ ಅಷ್ಟೊಂದು ಸಮಾಧಾನವಾದದ್ದು ಜೀವನದಲ್ಲಿ ಅದೊಂದೇ ಸಲ.

ಸರೋಜಮ್ಮ ಎಣಿಸಿದರು. ಮತ್ತೆ ಎಣಿಸಿದರು.

"ಹದಿಮೂರು," ಎಂದರು. ಆಮೇಲೆ ಅವರ ಬಾಯಿಂದ ಹೊರಟದ್ದು ಮಾತಲ್ಲ, ಒಂದು ಕೂಗು. "ಹಂಸಾ! ಕಂಬದ ಹಿಂದೆ!"

ಹತ್ತು ತಿಂಗಳ ಹಂಸಾಳನ್ನು ಬೆಳಕು ಕಣ್ಣಿಗೆ ಹೊಡೆಯದಿರಲಿ ಎಂದು ಅವರು ಕಂಬದ ಆಚೆ ಬದಿಗೆ ಪುಟ್ಟ ಹಾಸಿಗೆಯಲ್ಲಿ ಮಲಗಿಸುತ್ತಿದ್ದರಂತೆ. ನಾನು ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡು ಇಳಿದೆ. ಅದರಿಂದ ಏನೂ ಪ್ರಯೋಜನವಿಲ್ಲ ಎಂದು ಆಮೇಲೆ ತಿಳಿಯಿತು. ಕಂಬದ ಹಿಂದೆ ಆ ತಣ್ಣನೆಯ ಗಾಳಿ ಮೇಲಿನಿಂದ ನನ್ನ ಕುತ್ತಿಗೆಯ ಮೇಲೆ ಸುರಿಯುತ್ತಿತ್ತು, ನೀರಿನ ಹಾಗೆ. ಮಗುವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿದೆ. ಎಷ್ಟು ಹತ್ತಿದರೂ ಮೆಟ್ಟಿಲು ಮುಗಿಯುತ್ತಿಲ್ಲ ಅನಿಸಿತು.

ಹಂಸಾ ಏಳಲಿಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸರೋಜಮ್ಮ ಅವಳನ್ನು ಬೀದಿಯ ಗಾಳಿಗೆ ಹಿಡಿದು, ಅಂಗಾಲು ಉಜ್ಜುತ್ತಾ, "ಲೇ ತಲ್ಲಿ, ಏಳಮ್ಮ, ಕಣ್ಣು ಬಿಡಮ್ಮ, ಅಮ್ಮ ಬರ್ತಾಳೆ ಏಳಮ್ಮ" ಎಂದು ತೆಲುಗು, ಕನ್ನಡ ಬೆರೆಸಿ ಒಂದೇ ಸಮ ಹೇಳುತ್ತಿದ್ದರು. ಎಷ್ಟು ಹೊತ್ತು ಎಂದು ಹೇಳಲಾರೆ. ಒಂದು ನಿಮಿಷವೋ ಮೂರೋ. ಕೊನೆಗೆ ಮಗುವಿನ ಮೈ ಒಮ್ಮೆ ಸೆಟೆದು, ಕೆಮ್ಮಿ, ಕ್ಷೀಣವಾಗಿ ಅತ್ತಿತು. ಪಿಳ್ಳಪ್ಪ ಆಗಲೇ ಆಟೋ ನಿಲ್ಲಿಸಿಕೊಂಡಿದ್ದ. ಸರೋಜಮ್ಮ ಮಗುವಿನೊಂದಿಗೆ ಆಸ್ಪತ್ರೆಗೆ ಹೋದರು. ಪಕ್ಕದ ಬೀದಿಯ ಡಾಕ್ಟರೊಬ್ಬರು ಬಂದು ಉಳಿದ ಮಕ್ಕಳನ್ನು ನೋಡಿದರು. ತಾಯಂದಿರ ಫೋನ್‌ಗಳು ಶಿಫ್ಟ್ ಮುಗಿಯುವವರೆಗೆ ಫ್ಯಾಕ್ಟರಿಯ ಲಾಕರ್‌ನಲ್ಲಿ ಇರುತ್ತಿದ್ದುದರಿಂದ ಅವರಿಗೆ ಸುದ್ದಿ ಮುಟ್ಟಿಸಲಾಗಲಿಲ್ಲ.

ನಾಲ್ಕು ಗಂಟೆಗೆ ಸರೋಜಮ್ಮನ ಗಂಡ ನಾರಾಯಣಸ್ವಾಮಿ ಬಂದರು. ಮಂಚೇನಹಳ್ಳಿಯ ಶಾಲೆಯೊಂದರಲ್ಲಿ ಗುಮಾಸ್ತರು. ಅಷ್ಟರಲ್ಲಿ ನಾವು ಬಾಗಿಲನ್ನು ಹಾರೆ ಒತ್ತಿ ತೆರೆದಿಟ್ಟು, ಹೊರಗಿನಿಂದ ವೆಂಟಿಲೇಟರ್ ಗಾಜುಗಳನ್ನು ಒಡೆದು, ಮೆಟ್ಟಿಲ ಮೇಲೆ ಎರಡು ಪೆಡೆಸ್ಟಲ್ ಫ್ಯಾನ್ ಇಟ್ಟು ಒಂದು ಗಂಟೆ ಗಾಳಿ ಆಡಿಸಿದ್ದೆವು. ಕಡ್ಡಿ ಗೀರಿ ನೆಲದವರೆಗೂ ಇಳಿಸಿ ನೋಡಿ, ಆರದಿದ್ದ ಮೇಲೆ, ನಾನು ಕಂಬದ ಬಳಿಗೆ ಏಣಿ ಹಾಕಿದೆ. ಕಪ್ಪು ಅಂಚಿನ ಟೈಲ್ ಒಂದನ್ನು ಎತ್ತಿ ಪಕ್ಕಕ್ಕೆ ಸರಿಸಿ, ತಲೆ ತೂರಿಸಿ, ಟಾರ್ಚ್ ಹಾಕಿದೆ.

ಕಂಬ ಸ್ಲ್ಯಾಬ್ ಮುಟ್ಟಿರಲಿಲ್ಲ.

ಇಪ್ಪತ್ತೊಂದು ವರ್ಷದಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. ಸ್ಲ್ಯಾಬ್‌ಗೆ ಒಂದಡಿ ಇರುವಾಗಲೇ ಕಂಬ ನಿಂತುಹೋಗಿತ್ತು. ಅದು ಏನನ್ನೂ ಹೊತ್ತಿರಲಿಲ್ಲ. ಅದರ ತಲೆಯ ನಡುವೆ ತುಕ್ಕು ಹಿಡಿದ ಕಬ್ಬಿಣದ ಪೈಪಿನ ಬಾಯಿ, ಅಂಗೈಯಷ್ಟು ಅಗಲ. ಆ ಬಾಯಿಗೆ ಹಳೆಯ ಸಿಮೆಂಟ್ ಚೀಲವೊಂದನ್ನು ತಂತಿಯಿಂದ ಕಟ್ಟಿದ್ದರು. ಚೀಲ ಒಂದು ಪಕ್ಕ ಹರಿದಿತ್ತು. ಉಳಿದದ್ದು ಉಬ್ಬಿ ನಿಂತಿತ್ತು, ಒಳಗೆ ಯಾರೋ ತಲೆ ಎತ್ತಿ ಕುಳಿತ ಹಾಗೆ. ಹರಿದ ಕಡೆಯಿಂದ ಆ "ಹೂಂ" ಸದ್ದು ಈಗ ತೀರಾ ಸಣ್ಣಗೆ ಬರುತ್ತಿತ್ತು. ನಾನು ಟಾರ್ಚನ್ನು ಚೀಲದ ಮೇಲೆಯೇ ಹಿಡಿದೆ. ನೋಡುತ್ತಾ ನಿಂತೆ. ಸದ್ದು ಕುಗ್ಗಿ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚೀಲ ಮೆಲ್ಲಗೆ ಜೋತುಬಿದ್ದು, ನಡುವೆ ಗುಳಿ ಬಿದ್ದು, ಪೈಪಿನ ಬಾಯೊಳಕ್ಕೆ ಎಳೆದುಕೊಳ್ಳತೊಡಗಿತು. ನನ್ನ ಪಕ್ಕದ ಟೈಲ್‌ಗಳು ಟಿಕ್, ಟಿಕ್ ಎಂದವು. ನನ್ನ ಕಿವಿಯ ಹಿಂದಿನ ಬೆವರು ತಣ್ಣಗಾಯಿತು. ಗಾಳಿ ಈಗ ಆ ಬಾಯಿಯ ಕಡೆಗೆ ಹೋಗುತ್ತಿತ್ತು.

ಕೆಳಗೆ ಏಣಿ ಹಿಡಿದಿದ್ದ ನಾರಾಯಣಸ್ವಾಮಿಯವರನ್ನು ಕೇಳಿದೆ, "ಈ ಪಿಲ್ಲರ್ ಯಾರು ಕಟ್ಟಿದ್ದು?"

ಅವರು ಒಂದು ಕೈಯನ್ನು ಕಂಬದ ಮೇಲಿಟ್ಟರು. "ಅದು ಪಿಲ್ಲರ್ ಅಲ್ಲ ಸಾರ್. ನಮ್ಮಪ್ಪ ಕೊರೆಸಿದ್ದ ಬೋರು."

ಹೊಲವಿದ್ದಾಗ ಸಾವಿರದ ಇನ್ನೂರು ಅಡಿ ಕೊರೆದ ಕೊಳವೆಬಾವಿ. ಕೆಲವು ವರ್ಷ ನೀರು ಕೊಟ್ಟು ಬತ್ತಿತ್ತು. ಮನೆ ಕಟ್ಟಲು ಬೇಸ್‌ಮೆಂಟ್ ಅಗೆದಾಗ ಅದರ ಕೇಸಿಂಗ್ ಪೈಪು, ಅಂದರೆ ನೆಲದ ಮಣ್ಣು ಕುಸಿಯದಂತೆ ಇಳಿಸಿದ ಹೊರಗಿನ ಪೈಪು, ಅಗೆದ ಗುಂಡಿಯೊಳಗೆ ಒಂಟಿಯಾಗಿ ಎದ್ದು ನಿಂತಿತು. ಕತ್ತರಿಸುವ ಬದಲು ಅದರ ಸುತ್ತ ಇಟ್ಟಿಗೆ ಕಟ್ಟಿ ಪ್ಲಾಸ್ಟರ್ ಮಾಡಿದರೆ ಕಂಬದ ಹಾಗೆ ಕಾಣುತ್ತದೆ ಎಂದು ಮನೆ ಕಟ್ಟಿದ ಮೇಸ್ತ್ರಿ ಹೇಳಿದನಂತೆ. "ನೀರಿಲ್ಲದ ಬೋರು, ಸತ್ತಿದ್ದು, ಅದೇನು ಮಾಡ್ತದೆ ಅಂತ ನಾನೂ ಹ್ಞೂಂ ಅಂದೆ. ಆಮೇಲೆ ಮರೆತೇಹೋಯ್ತು ಸಾರ್," ಎಂದು ಅವರು ಆ ಕಂಬವನ್ನೇ ಹಿಡಿದುಕೊಂಡು ಕುಸಿದು ಕುಳಿತರು.

ಐದೂವರೆಗೆ ಸರೋಜಮ್ಮ ಹಂಸಾಳೊಂದಿಗೆ ಹಿಂತಿರುಗಿದರು. ಆಕ್ಸಿಜನ್ ಕೊಟ್ಟ ಮೇಲೆ ಮಗು ಚೇತರಿಸಿಕೊಂಡಿತ್ತು. ಗಂಡನಿಂದ ಎಲ್ಲವನ್ನೂ ಕೇಳಿದ ಮೇಲೆ ಅವರು ಅಳಲಿಲ್ಲ, ಬೈಯಲಿಲ್ಲ. ವರಾಂಡದ ಬಾಗಿಲಲ್ಲಿ ಬಂದು ನಿಂತರು.

"ಈಗ ಎಲ್ಲಾರ್ಗೂ ಹೇಳ್ಬೇಕಾ?" ಎಂದು ನಾರಾಯಣಸ್ವಾಮಿ ಮೆಲ್ಲಗೆ ಕೇಳಿದರು. "ಸರಿ ಮಾಡಿಸ್ತೀವಲ್ಲ. ದೇವರ ದಯೆ, ಯಾರಿಗೂ ಏನೂ ಆಗಿಲ್ಲ."

"ಏನೂ ಆಗಿಲ್ಲ ಅಂತ ನಿಮಗೆ ಹೆಂಗ್ ಗೊತ್ತು?" ಎಂದರು ಸರೋಜಮ್ಮ.

ಆರು ಗಂಟೆಗೆ ಫ್ಯಾಕ್ಟರಿ ಬಸ್ಸು ಬಂತು. ಹೆಣ್ಣುಮಕ್ಕಳು ಇಳಿದು ಬಂದಂತೆಲ್ಲ ಸರೋಜಮ್ಮ ಒಬ್ಬೊಬ್ಬರನ್ನೂ ಕೈಹಿಡಿದು ಕೆಳಗೆ ಕರೆದೊಯ್ದು, ಕಂಬ ತೋರಿಸಿ, ಸೀಲಿಂಗಿನ ತೂತು ತೋರಿಸಿ, ಏನಾಯಿತೆಂದು ಹೇಳಿದರು. ಕೆಲವರು ಕೂಗಾಡಿದರು. ಒಬ್ಬಳು ಮಗುವನ್ನು ಕಿತ್ತುಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೋದಳು. ಹಂಸಾಳ ತಾಯಿ ಮಂಜುಳಾ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ಹೊಲಿಗೆ ಮೆಷಿನ್ ಮೇಲೆ ಕೆಲಸ. ಅವಳು ಕೂಗಾಡಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ವರಾಂಡದಲ್ಲಿ ಕುಳಿತು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಎಷ್ಟು ದಿನದಿಂದ ಅಕ್ಕ?"

"ನಲವತ್ತು ದಿನ ಆಯ್ತಮ್ಮ, ಕೆಳಗೆ ಹಾಕಿ," ಎಂದರು ಸರೋಜಮ್ಮ.

ಮಂಜುಳಾ ಮಗುವಿನ ಬೆರಳುಗಳನ್ನು ಮತ್ತೆ ಒಂದೊಂದಾಗಿ ಮಡಿಸಿದಳು. "ಮನೇಲಿ ಇವಳು ಒಂದು ಗಳಿಗೆ ಮಲಗಲ್ಲ," ಎಂದಳು ಆಮೇಲೆ, ಯಾರನ್ನೂ ನೋಡದೆ. "ಇಲ್ಲಿ ಮಾತ್ರ ಎಷ್ಟು ಚೆನ್ನಾಗಿ ಮಲಗ್ತಾಳೆ ಅಂತ ಖುಷಿ ಪಡ್ತಿದ್ದೆ. ನೀವು ನಮ್ಮಮ್ಮನಿಗಿಂತ ಚೆನ್ನಾಗಿ ತೂಗ್ತೀರ ಅಂತ ಎಲ್ಲಾರ್ಗೂ ಹೇಳ್ತಿದ್ದೆ."

ಸರೋಜಮ್ಮ ಅವಳ ಎದುರು ನೆಲದ ಮೇಲೆ ಕುಳಿತರು. ಅದುವರೆಗೆ ತಡೆದಿದ್ದ ಅಳು ಆಗ ಬಂತು.

ಮೂರು ದಿನದ ನಂತರ ನನ್ನ ಸ್ನೇಹಿತ ಶಂಕರ್‌ನನ್ನು ಕರೆತಂದೆ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಷ್ಟ್ರು. ಫ್ಯಾಕ್ಟರಿಯೊಂದರ ಸೇಫ್ಟಿ ವಿಭಾಗದಿಂದ ಗ್ಯಾಸ್ ಮೀಟರ್ ಎರವಲು ತಂದಿದ್ದ. ಟ್ಯಾಂಕಿನೊಳಗೆ ಇಳಿಯುವ ಮುನ್ನ ಗಾಳಿ ಪರೀಕ್ಷಿಸುವ ಸಾಧನ ಅದು. ಒಡೆದ ವೆಂಟಿಲೇಟರ್‌ಗಳಿಗೆ ರಟ್ಟು ಮುಚ್ಚಿ, ಬಾಗಿಲು ಹಾಕಿ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಟ್ಟು, ಮೀಟರನ್ನು ಹಗ್ಗಕ್ಕೆ ಕಟ್ಟಿ ನೆಲಕ್ಕೆ ಇಳಿಸಿದೆವು. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು ಭಾಗದಷ್ಟು ಇರುತ್ತದೆ. ಮೀಟರ್ ಹದಿನಾರಕ್ಕಿಂತ ಕೆಳಗೆ ಇಳಿದು ಕೂಗತೊಡಗಿತು. ಕಡಿಮೆಯಾದ ಆಮ್ಲಜನಕದ ಜಾಗವನ್ನು ಇಂಗಾಲದ ಡೈಆಕ್ಸೈಡ್ ತುಂಬಿತ್ತು. ಅದು ಭಾರವಾದ ಗಾಳಿ, ನೆಲಕ್ಕೆ ಇಳಿದು ನಿಲ್ಲುತ್ತದೆ.

ಪಿಳ್ಳಪ್ಪ ಶಿಡ್ಲಘಟ್ಟದಿಂದ ಒಂದೆಳೆ ಕಚ್ಚಾ ರೇಷ್ಮೆ ತಂದಿದ್ದ. ಮರುದಿನ ಬಾಗಿಲು, ವೆಂಟಿಲೇಟರ್ ತೆರೆದಿಟ್ಟು, ಚೀಲ ಬಿಚ್ಚಿ, ಅದನ್ನು ಪೈಪಿನ ಬಾಯಿಯ ಮೇಲೆ ಕಟ್ಟಿ ನೋಡಿದೆವು. ಮಧ್ಯಾಹ್ನವೆಲ್ಲ ಎಳೆ ನೆಟ್ಟಗೆ ಮೇಲಕ್ಕೆ ಎದ್ದು ನಿಂತಿತ್ತು. ನಾಲ್ಕೂವರೆಯ ಸುಮಾರಿಗೆ ಬಾಗಿತು. ಐದಕ್ಕೆ ಪೈಪಿನೊಳಕ್ಕೆ ಇಳಿದು ಮಾಯವಾಯಿತು.

"ಹೊರಗಿನ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳೀತದೆ," ಎಂದು ಶಂಕರ್ ವಿವರಿಸಿದ. "ಬೆಳಿಗ್ಗೆ ಹತ್ತರ ಸುಮಾರಿಗೆ ಜಾಸ್ತಿ, ಮಧ್ಯಾಹ್ನ ನಾಲ್ಕಕ್ಕೆ ಕಡಿಮೆ. ಒತ್ತಡ ಇಳಿಯುವಾಗ ಭೂಮಿಯೊಳಗಿನ ಗಾಳಿ ಹೊರಗೆ ಬರ್ತದೆ, ಏರುವಾಗ ಒಳಗೆ ಹೋಗ್ತದೆ."

"ಒಂದು ಪೈಪಿನಲ್ಲಿ ಅಷ್ಟು ಗಾಳಿ ಎಲ್ಲಿಂದ ಬರಬೇಕು?"

"ಪೈಪಿನದಲ್ಲಪ್ಪ. ಕೆಳಗೆ ಬಂಡೆಯ ಬಿರುಕಿನಲ್ಲೆಲ್ಲ ಒಂದು ಕಾಲಕ್ಕೆ ನೀರಿತ್ತು. ಅಷ್ಟನ್ನೂ ಎತ್ತಿ ಖಾಲಿ ಮಾಡಿದ್ವಿ. ಈಗ ಅಷ್ಟು ಜಾಗದಲ್ಲೂ ಗಾಳಿ ತುಂಬಿದೆ. ಇದು ಅದರ ಮೂಗಿನ ಹೊಳ್ಳೆ, ಅಷ್ಟೇ."

ಆ ಮಾತು ಕೇಳಿ ನನ್ನ ಭಯ ಕಡಿಮೆಯಾಗಲಿಲ್ಲ. ಕಾಲ ಕೆಳಗಿನ ನೆಲದ ಬಗ್ಗೆ ಮೊದಲ ಬಾರಿಗೆ ಯೋಚಿಸಿದೆ. ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು, ಕೇಳಿದೆ. ನಾನು ಒಪ್ಪಿಕೊಂಡಿದ್ದ ಹಾಗೆ ಜಿಪ್ಸಮ್ ಹಾಕಿದ್ದರೆ ಏನಾಗುತ್ತಿತ್ತು?

"ಸದ್ದು ನಿಲ್ತಿತ್ತು. ಯಾವುದೂ ಅಲುಗಾಡ್ತಿರಲಿಲ್ಲ," ಎಂದ ಶಂಕರ್. "ಗಾಳಿ ಮಾತ್ರ ಲೈಟಿನ ತೂತಿನಿಂದಲೋ ಇಟ್ಟಿಗೆ ಸಂದಿನಿಂದಲೋ ಇಳೀತಾನೇ ಇರ್ತಿತ್ತು. ಯಾರೂ ತಲೆ ಎತ್ತಿ ನೋಡ್ತಿರಲಿ‌ಲ್ಲ."

ಮುಂದಿನ ತಿಂಗಳು ಇಟ್ಟಿಗೆ ಒಡೆಸಿ, ಕೊಳವೆಬಾವಿಗೆ ಜಲ್ಲಿ, ಜೇಡಿಮಣ್ಣು ತುಂಬಿಸಿ, ಮೇಲೆ ಕಾಂಕ್ರೀಟ್ ಹಾಕಿಸಿದೆವು. ಏನಾದರೂ ಉಳಿದು ಸೋರಿದರೆ ಇರಲಿ ಎಂದು ಶಂಕರ್ ಹೇಳಿದಂತೆ ಒಂದು ಸಣ್ಣ ಪೈಪನ್ನು ಗೋಡೆಯಾಚೆ ತೆಗೆದು ತಾರಸಿಯ ಮೇಲಕ್ಕೆ ಒಯ್ದೆವು. ಬೇಸ್‌ಮೆಂಟಿನ ಹಳೆಯ ಗ್ರಿಡ್ ಪೂರ್ತಿ ಇಳಿಸಿದೆ. ಅಲ್ಲಿ ಮತ್ತೆ ಯಾವ ಸೀಲಿಂಗನ್ನೂ ಹಾಕಲಿಲ್ಲ. ಮೀಟರ್ ಸರಿಯಾದ ಅಂಕಿ ತೋರಿಸಿತು. ಆದರೂ ಸರೋಜಮ್ಮ ಮಕ್ಕಳನ್ನು ಮತ್ತೆಂದೂ ಕೆಳಗೆ ಇಳಿಸಲಿಲ್ಲ. ಹದಿನಾಲ್ಕರಲ್ಲಿ ಐದು ಮಕ್ಕಳು ಹಿಂತಿರುಗಲಿಲ್ಲ. ಒಂಬತ್ತು ಬಂದವು. ಅದರಲ್ಲಿ ಹಂಸಾ ಒಬ್ಬಳು. ಬೇರೆ ದಾರಿಯಿಲ್ಲದೆ ಬಂದಳೋ ನಂಬಿಕೆಯಿಂದ ಬಂದಳೋ ಎಂದು ಮಂಜುಳಾಳನ್ನು ನಾನು ಕೇಳಲಿಲ್ಲ.

ಮೇಲಿನ ಹಾಲಿಗೆ ಸೆಕೆ ತಡೆಯುವ ಸೀಲಿಂಗ್ ಬೇಕಿತ್ತು. ಅಲ್ಲಿ ಪೈಪಿಲ್ಲ, ಏನಿಲ್ಲ, ಜಿಪ್ಸಮ್ ಹಾಕಬಹುದು, ಚೆಂದ ಕಾಣುತ್ತದೆ ಎಂದೆ. ಸರೋಜಮ್ಮ ಬೇಡವೆಂದು ತಲೆಯಾಡಿಸಿದರು. "ಎತ್ತಿ ನೋಡೋಕೆ ಬರೋದೇ ಹಾಕಿ ಸಾರ್."

ನನ್ನ ಮಟ್ಟಿಗೆ ಹೇಳುವುದಾದರೆ, ಆ ಪ್ರಕರಣದಲ್ಲಿ ಜನ ನನ್ನನ್ನು ಹೊಗಳಿದ್ದಾರೆ. ಹೊಗಳಿಕೆ ಪಿಳ್ಳಪ್ಪನಿಗೆ ಸಲ್ಲಬೇಕು. ನನಗೆ ಸಲ್ಲಬೇಕಾದದ್ದು ಬೇರೆ. ಸದ್ದು ಮಧ್ಯಾಹ್ನ ಬರುತ್ತದೆ ಎಂದು ಆ ಹೆಂಗಸು ಸ್ಪಷ್ಟವಾಗಿ ಹೇಳಿದ್ದರು. ನಾನು ಬೆಳಿಗ್ಗೆ ಹತ್ತೂವರೆಗೆ ಹೋಗಿ, ಏನೂ ಕೇಳಿಸಲಿಲ್ಲ ಎಂದು ಬಾಗಿಲ ಗಾಳಿಯ ಮೇಲೆ ಹಾಕಿ ಬಂದೆ. ಕಂಬದ ಬಳಿಯ ಒಂದೇ ಒಂದು ಟೈಲ್ ಎತ್ತಿದ್ದರೆ ಆ ದಿನವೇ ಗೊತ್ತಾಗುತ್ತಿತ್ತು. ಆಮೇಲಿನ ಆರು ಮಧ್ಯಾಹ್ನಗಳು ಆ ಮಕ್ಕಳು ಅಲ್ಲಿ ಮಲಗಿದ್ದು ನನ್ನ ಲೆಕ್ಕಕ್ಕೆ ಸೇರುತ್ತವೆ. ಗಾಡಿ ಪಂಕ್ಚರ್ ಆಗದೆ ನಾವು ಬೆಳಿಗ್ಗೆಯೇ ತಲುಪಿದ್ದರೆ, ಮಟ್ಟ ಗುರುತು ಹಾಕಿ, ಮರುವಾರ ಬೋರ್ಡು ಬಿಗಿದು, ಒಳ್ಳೆಯ ಕೆಲಸವಾಯಿತು ಎಂದು ಕೈತೊಳೆದುಕೊಂಡು ಬರುತ್ತಿದ್ದೆ.

ನನ್ನ ಕಸುಬು ಮುಚ್ಚುವ ಕಸುಬು. ಮುಚ್ಚುವವನು ಮೊದಲು ಕೇಳಿಸಿಕೊಳ್ಳಬೇಕು, ತನಗೆ ಬಿಡುವಿದ್ದ ಹೊತ್ತಿನಲ್ಲಿ ಅಲ್ಲ, ಮನೆಯವರು ಹೇಳಿದ ಹೊತ್ತಿನಲ್ಲಿ. ಈಗ ಯಾರಾದರೂ ಬೇಸ್‌ಮೆಂಟ್‌ಗೆ ಸೀಲಿಂಗ್ ಬೇಕೆಂದರೆ, ಗ್ರಿಡ್ಡೋ ಜಿಪ್ಸಮ್ಮೋ ಎಂಬ ಮಾತಿಗೆ ಮುಂಚೆ, ಈ ಜಾಗ ಮೊದಲು ಏನಾಗಿತ್ತು ಎಂದು ಕೇಳುತ್ತೇನೆ. ಹೊಲ ಎಂದರೆ, ಬೋರ್ ಎಲ್ಲಿತ್ತು ಎಂದು ಕೇಳುತ್ತೇನೆ. ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆಗ ಒಂದು ಮಧ್ಯಾಹ್ನ ಹೋಗಿ, ಮೀಟರ್ ಪಕ್ಕದಲ್ಲಿಟ್ಟುಕೊಂಡು, ಬಾಗಿಲು ಮುಚ್ಚಿಸಿ, ಒಂದು ಗಂಟೆ ನೆಲದ ಮೇಲೆ ಸುಮ್ಮನೆ ಕೂರುತ್ತೇನೆ. ಆ ಒಂದು ಗಂಟೆ ಅಳತೆ ತೆಗೆಯುವುದಿಲ್ಲ, ಫೋನ್ ಎತ್ತುವುದಿಲ್ಲ. ಮಕ್ಕಳು ಮಲಗುವ ಕಡೆ ಯಾವುದು ಎಂದು ಮೊದಲೇ ಕೇಳಿಕೊಂಡು, ಅಲ್ಲಿಯೇ ಕೂರುತ್ತೇನೆ.